ಇರೋದಾ, ಬಿಡೋದಾ? ಹೆದರಿಸುವ ಪ್ರೀತಿಯಲ್ಲಿ ಸಿಕ್ಕಿಕೊಂಡವರಿಗೆ

ನಮ್ಮ ಪಿ.ಜಿ.ಯಲ್ಲಿ ರಾತ್ರಿ ಎಂಟೂವರೆಗೆ ಊಟ. ಕೆಲವು ವರ್ಷದ ಹಿಂದೆ ಶಿರಾ ಕಡೆಯ ಒಬ್ಬ ಹುಡುಗಿ ಇದ್ದಳು, ಎಂ.ಕಾಂ. ಓದುತ್ತಿದ್ದಳು. ಊಟಕ್ಕೆ ಕೂತ ತಕ್ಷಣ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ವಿಡಿಯೊ ಕಾಲ್ ಹಾಕುವಳು. ಮಾತೇನೂ ಇಲ್ಲ, ಸುಮ್ನೆ ಆನ್ ಇರಬೇಕು. ನಡುನಡುವೆ ಫೋನ್ ಎತ್ತಿ ನಿಧಾನಕ್ಕೆ ಸುತ್ತ ತಿರುಗಿಸುವಳು. ಟೇಬಲ್ಲು, ಬಾಗಿಲು, ಪಕ್ಕದಲ್ಲಿ ಕೂತವರ ಮುಖ, ಎಲ್ಲ ಅವನಿಗೆ ಕಾಣಬೇಕು. ಅಷ್ಟರಲ್ಲಿ ತಟ್ಟೆಯಲ್ಲಿದ್ದ ಮುದ್ದೆ ಆರಿ ಗಟ್ಟಿಯಾಗಿರುತ್ತಿತ್ತು. ಮೊದಮೊದಲು ಉಳಿದ ಹುಡುಗಿಯರು "ಎಂಥಾ ಲವ್ವಮ್ಮ ನಿಂದು" ಅಂತ ರೇಗಿಸುತ್ತಿದ್ದರು. ಆಮೇಲಾಮೇಲೆ ಅವಳ ಪಕ್ಕ ಕೂರುವುದನ್ನೇ ಬಿಟ್ಟರು.

ನಾನು ತುಮಕೂರಿನ ಬಟವಾಡಿ ಕಡೆ ಪಿ.ಜಿ. ನಡೆಸುತ್ತೇನೆ. ಕಾಲೇಜು ಹುಡುಗಿಯರು, ನರ್ಸುಗಳು, ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವವರು, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆ ವಾಪಸ್ ಬರುವವರು ಇರುತ್ತಾರೆ. ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿ ಮೇಲೆ ಬಂದು "ಆಂಟಿ, ಇರ್ಲಾ ಬಿಡ್ಲಾ?" ಅಂತ ಕೇಳಿದವರು ಬಹಳ ಜನ. ನಾನು ವಕೀಲೆಯಲ್ಲ, ಡಾಕ್ಟರೂ ಅಲ್ಲ. ಇವರ ಜೊತೆ ಠಾಣೆ, ಆಸ್ಪತ್ರೆ, ಕೋರ್ಟು ಅಂತ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹುಡುಗಿಯನ್ನು ಇಂಥವನ ಹತ್ತಿರ ಕಟ್ಟಿಹಾಕಿರುವುದು ಎಷ್ಟೋ ಸಲ ಗುಟ್ಟು. ಪ್ರೀತಿ ಎಂದೋ ಮುಗಿದಿರುತ್ತದೆ. ಆದರೆ ಮನೆಯಲ್ಲಿ ಗೊತ್ತಿಲ್ಲ. ಗೊತ್ತಾದರೆ ಓದು ಬಿಡಿಸುತ್ತಾರೆ, ಮೊದಲು ಬಂದ ಗಂಡಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇದು ಅವನಿಗೂ ಗೊತ್ತು. "ನಿಮ್ಮಪ್ಪಂಗೆ ಹೇಳ್ಲಾ?" ಎನ್ನುವ ಮಾತಿಗೆ ಇರುವ ಬಲ ಕಪಾಳಕ್ಕೆ ಬಿದ್ದ ಏಟಿಗೂ ಇಲ್ಲ. ಆ ಗುಟ್ಟು ಅವನ ಕೈಯಲ್ಲಿ ಇರುವ ತನಕ ನೀವು ಮಾಡುವ ಯಾವ ತೀರ್ಮಾನವೂ ನಿಮ್ಮದಾಗಿರುವುದಿಲ್ಲ. ಅದನ್ನು ಹೇಗೆ ಬಿಡಿಸಿಕೊಳ್ಳುವುದು ಅಂತ ಮುಂದೆ ಬರುತ್ತದೆ. ಮೊದಲು ನೋಟ್‌ಬುಕ್ಕು.

ಮೂರು ವಾರ ಬರೆದಿಡಿ

ಫೋನಿನಲ್ಲಿ ಬೇಡ, ಅವನು ನೋಡುತ್ತಾನೆ. ಕ್ಲಾಸ್ ನೋಟ್ಸಿನ ಕೊನೇ ಹಾಳೆಗಳು ಸಾಕು. ತಾರೀಕು, ಏನಾಯಿತು, ಅವನು ಏನು ಕಾರಣ ಕೊಟ್ಟ, ಅದರಿಂದ ನೀವು ಏನು ಬಿಟ್ಟಿರಿ. ಈ ಕೊನೆಯದು ಮುಖ್ಯ. "ಬೈದ" ಎಂದಷ್ಟೇ ಬರೆದರೆ ಸಾಲದು. "ಬೈದ, ಅದಕ್ಕೆ ಗೆಳತಿಯ ಮದುವೆಗೆ ಹೋಗಲಿಲ್ಲ" ಎಂದು ಬರೆಯಿರಿ. ಹೊಡೆದದ್ದು ಮಾತ್ರ ಬರೆಯಬೇಕು ಅಂದುಕೊಳ್ಳಬೇಡಿ. ಪಾಸ್‌ವರ್ಡ್ ಕೇಳಿದ್ದು, ಲೊಕೇಶನ್ ಹಾಕಿಸಿದ್ದು, ಬಟ್ಟೆ ಬಗ್ಗೆ ಅಂದದ್ದು, ಜಾತಿ ಎತ್ತಿ ಆಡಿದ್ದು, ಫೋನ್‌ಪೇಯಲ್ಲಿ ಸಾಲ ತೆಗೆದುಕೊಂಡು ಕೊಡದೇ ಇರುವುದು, ಬೇಡ ಅಂದರೂ ಮೈಮುಟ್ಟಿದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಒಳ್ಳೆಯ ದಿನಗಳನ್ನೂ ಬರೆಯಿರಿ, ಮೋಸ ಮಾಡಬೇಡಿ. ಲೆನೋರ್ ವಾಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1979ರಲ್ಲೇ ಇದನ್ನು ಒಂದು ಚಕ್ರ ಅಂತ ವಿವರಿಸಿದ್ದರು. ಮೊದಲು ಒಳಗೊಳಗೇ ಕುದಿಯುವುದು, ಆಮೇಲೆ ಸಿಡಿಯುವುದು, ಆಮೇಲೆ ಕಾಲು ಹಿಡಿದು ಮುದ್ದು ಮಾಡುವುದು, ಮತ್ತೆ ಕುದಿಯುವುದು. ಎಲ್ಲರ ಕಥೆಯೂ ಹೀಗೇ ಇರುತ್ತದೆ ಅಂತಲ್ಲ. ಆದರೆ ಶಿರಾದ ಹುಡುಗಿಯ ಪುಸ್ತಕದಲ್ಲಿ ಇದು ಚೆನ್ನಾಗಿ ಕಾಣುತ್ತಿತ್ತು. 4ನೇ ತಾರೀಕು, ಮೆಸೇಜಿಗೆ ತಡವಾಗಿ ಉತ್ತರ ಕೊಟ್ಟೆ ಅಂತ ಮುನಿಸು. 9ನೇ ತಾರೀಕು, ಅಮಾನಿಕೆರೆ ಹತ್ತಿರ ಕೈ ತಿರುಚಿದ. 10ನೇ ತಾರೀಕು, ಸಿದ್ಧಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಇನ್ನು ಮೇಲೆ ಕೈ ಮಾಡಲ್ಲ ಅಂತ ದೇವರ ಮೇಲೆ ಆಣೆ ಇಟ್ಟ. 22ನೇ ತಾರೀಕು, ಮತ್ತೆ ಕೈ ಎತ್ತಿದ. ಅವಳು ಬೆರಳು ಮಡಚಿ ಎಣಿಸಿದಳು. "ಆಂಟಿ, ಆಣೆ ಹನ್ನೆರಡೇ ದಿನ ಬಂತು."

ತಲೆಯೊಳಗೆ ಇದ್ದಾಗ ಆಣೆ ಮಾತ್ರ ನೆನಪಿರುತ್ತದೆ. ಹಾಳೆ ಮೇಲೆ ಬಂದಾಗ ದಿನ ಕಾಣುತ್ತದೆ.

ಒಂದು ಸಣ್ಣ 'ಇಲ್ಲ' ಹೇಳಿ ನೋಡಿ

ಇದು ಅವನು ಇನ್ನೂ ಕೈ ಮಾಡಿಲ್ಲ, ಬರೀ ಅನುಮಾನ, ಮುನಿಸು, ಕಟ್ಟುಪಾಡು ಅನ್ನುವವರಿಗೆ ಮಾತ್ರ. ಹೊಡೆತ ಶುರುವಾಗಿದ್ದರೆ ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ.

ದೊಡ್ಡ ವಿಷಯ ಬೇಡ. "ಇವತ್ತು ಸಿಗೋಕೆ ಆಗಲ್ಲ, ಓದಬೇಕು." "ಇನ್‌ಸ್ಟಾ ಪಾಸ್‌ವರ್ಡ್ ಬದಲಾಯಿಸಿದ್ದೀನಿ, ಹೇಳಲ್ಲ." ಇಷ್ಟೇ. ಬೇಜಾರು ಮಾಡಿಕೊಳ್ಳಲಿ, ಅದು ಸಹಜ. ಒಂದು ಗಂಟೆ ಮಾತು ಬಿಟ್ಟರೂ ಪರವಾಗಿಲ್ಲ. ಆಮೇಲೆ ಏನಾಯಿತು ಅನ್ನುವುದನ್ನು ನೋಡಿ. ಆ 'ಇಲ್ಲ' ಕೊನೆಗೂ 'ಇಲ್ಲ' ಆಗಿಯೇ ಉಳಿಯಿತಾ? ಅಥವಾ ನೀವೇ ಸಾರಿ ಕೇಳಿ, ಸಂಜೆ ಗುಬ್ಬಿ ಗೇಟ್ ಹತ್ತಿರ ಹೋಗಿ ನಿಂತಿರಾ? ಅವನು ಒಳ್ಳೆಯವನಾ ಕೆಟ್ಟವನಾ ಅಂತ ತಲೆ ಕೆಡಿಸಿಕೊಂಡರೆ ವರ್ಷಗಟ್ಟಲೆ ಉತ್ತರ ಸಿಗುವುದಿಲ್ಲ. ಅವನಿಗೆ ಇಲ್ಲ ಅನ್ನೋಕೆ ನಿಮಗೆ ಭಯ ಇದೆಯಾ ಅನ್ನುವುದಕ್ಕೆ ಒಂದು ವಾರದಲ್ಲಿ ಉತ್ತರ ಸಿಗುತ್ತದೆ.

ಇವು ಕಂಡರೆ ಯೋಚನೆಗೆ ಸಮಯ ಇಲ್ಲ

ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ನರ್ಸಿಂಗ್ ಪ್ರೊಫೆಸರ್ 1980ರ ದಶಕದಲ್ಲಿ ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಯಾವ ಹೆಣ್ಣಿನ ಪ್ರಾಣಕ್ಕೆ ಜೊತೆಗಾರನಿಂದಲೇ ಅಪಾಯ ಜಾಸ್ತಿ ಎಂದು ಅಂದಾಜು ಮಾಡುವ ಪಟ್ಟಿ ಅದು. ಅದರಲ್ಲಿ ಬರುವ ಕೆಲವು: ಕುತ್ತಿಗೆ ಹಿಸುಕಿದ್ದಾನಾ? ಚಾಕು, ಮಚ್ಚು ತೋರಿಸಿದ್ದಾನಾ? ಕೊಲ್ಲುತ್ತೇನೆ ಅಂದಿದ್ದಾನಾ, ಅದು ಆಗಬಹುದು ಅಂತ ನಿಮಗೇ ಅನ್ನಿಸುತ್ತದಾ? ಬಲವಂತ ಮಾಡಿದ್ದಾನಾ? ಹಿಂದೆ ಹಿಂದೆ ಬರುತ್ತಾನಾ? ಹೊಡೆತ ಈಚೆಗೆ ಜಾಸ್ತಿಯಾಗಿದೆಯಾ?

ಕುತ್ತಿಗೆಯ ವಿಷಯ ಒತ್ತಿ ಹೇಳುತ್ತೇನೆ. "ಸುಮ್ನೆ ಹಿಡಿದ ಅಷ್ಟೇ, ಗುರುತೂ ಇಲ್ಲ" ಅಂತ ಹುಡುಗಿಯರು ಅದನ್ನು ಕಪಾಳಮೋಕ್ಷಕ್ಕಿಂತ ಹಗುರ ಮಾಡಿ ಹೇಳುತ್ತಾರೆ. ಗುರುತು ಇಲ್ಲದೆಯೂ ಒಳಗೆ ಪೆಟ್ಟಾಗಿರಬಹುದು. ಧ್ವನಿ ಒಡೆದರೆ, ಎಂಜಲು ನುಂಗಲು ನೋವಾದರೆ, ತಲೆ ಸುತ್ತಿದರೆ ಅವತ್ತೇ ಜಿಲ್ಲಾಸ್ಪತ್ರೆಗೆ ಹೋಗಿ. ಡಾಕ್ಟರ ಮುಂದೆ "ಬಾತ್‌ರೂಮಿನಲ್ಲಿ ಜಾರಿದೆ" ಅನ್ನಬೇಡಿ. ಒಬ್ಬ ಹುಡುಗಿ ಹಾಗೆ ಅಂದಳು, ಚೀಟಿಯಲ್ಲಿ ಹಾಗೇ ಬರೆದರು. ಆರು ತಿಂಗಳ ಮೇಲೆ ಕೇಸಿನಲ್ಲಿ ಆ ಚೀಟಿಯೇ ಅವಳಿಗೆ ತಿರುಗುಬಾಣವಾಯಿತು. ಹೊಡೆದದ್ದು ಅಂತ ಹೇಳಿದರೆ ಆಸ್ಪತ್ರೆಯವರು ಎಂಎಲ್‌ಸಿ ಮಾಡುತ್ತಾರೆ, ಅಂದರೆ ಪೊಲೀಸರಿಗೆ ತಿಳಿಸಿ ದಾಖಲೆ ಇಡುತ್ತಾರೆ.

ಈ ಪಟ್ಟಿಯಲ್ಲಿ ಒಂದಕ್ಕೆ ಹೌದು ಅಂದರೂ ಒಬ್ಬರೇ ಇರಬೇಡಿ. ಈಗಲೇ ಅಪಾಯ ಇದ್ದರೆ 112, ಮಾತಾಡಿ ದಾರಿ ಕೇಳುವುದಾದರೆ ಮಹಿಳಾ ಸಹಾಯವಾಣಿ 181.

ಗುಟ್ಟಿನ ಹಲ್ಲು ಕೀಳುವುದು

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಪಿ.ಜಿ. ಶುರು ಮಾಡಿದ ಹೊಸದರಲ್ಲಿ ಪಾವಗಡದ ಕಡೆಯ ಒಬ್ಬಳು ಕೆನ್ನೆ ಊದಿಸಿಕೊಂಡು ಬಂದಳು. ನಾನು ಅವಳನ್ನು ಒಂದು ಮಾತೂ ಕೇಳದೆ ಅವಳ ಅಪ್ಪನಿಗೆ ಫೋನ್ ಮಾಡಿದೆ. ಮಾರನೇ ದಿನ ಬಂದು ಟ್ರಂಕು ಎತ್ತಿಕೊಂಡು ಹೋದರು. ಡಿಗ್ರಿ ಕೊನೇ ಸೆಮಿಸ್ಟರ್ ಇತ್ತು, ಪರೀಕ್ಷೆ ಬರೆಯಲೇ ಇಲ್ಲ. ಶ್ರಾವಣ ಮುಗಿಯುವುದರೊಳಗೆ ಮದುವೆ. ಹೊಡೆದವನಿಗೆ ಏನೂ ಆಗಲಿಲ್ಲ. ಲಗ್ನಪತ್ರಿಕೆ ನನಗೂ ಬಂದಿತ್ತು, ಹೋಗೋಕೆ ಮುಖ ಇರಲಿಲ್ಲ.

ಹಾಗಾಗಿ ಈಗ ನಾನು ಹೇಳುವುದು ಇಷ್ಟು. ಮನೆಗೆ ಹೇಳಿ, ಆದರೆ ಯಾರಿಗೆ, ಹೇಗೆ ಅನ್ನುವುದು ನಿಮ್ಮ ಕೈಯಲ್ಲಿರಲಿ. ಅಪ್ಪನಿಂದಲೇ ಶುರು ಮಾಡಬೇಕಿಲ್ಲ. ಕೇಳಿದ ತಕ್ಷಣ ದೊಣ್ಣೆ ಹಿಡಿದು ಹೊರಡುವ ಅಣ್ಣನೂ ಬೇಡ. ಸೋದರತ್ತೆ, ಅತ್ತಿಗೆ, ದೊಡ್ಡಮ್ಮನ ಮಗಳು, ಇವರಲ್ಲಿ ಕೂಗಾಡದೆ ಕೇಳಿಸಿಕೊಳ್ಳುವವರು ಒಬ್ಬರು ಇರುತ್ತಾರೆ. ಅವರ ಹತ್ತಿರ ಕಥೆಯೆಲ್ಲ ಒಂದೇ ಸಲ ಹೇಳಬೇಡಿ. "ಅತ್ತೆ, ಒಬ್ಬ ಹುಡುಗನ ಪರಿಚಯ ಆಗಿತ್ತು. ಈಗ ಬೇಡ ಅಂದರೂ ಬಿಡ್ತಿಲ್ಲ, ಹೆದರಿಸ್ತಿದ್ದಾನೆ. ಅಪ್ಪಂಗೆ ಅವನೇ ಫೋನ್ ಮಾಡಬಹುದು. ಅದಕ್ಕೆ ಮುಂಚೆ ನಿಮಗೆ ಗೊತ್ತಿರಲಿ ಅಂತ." ಇಷ್ಟು ಹೇಳಿದರೆ ಸಾಕು. ಅವನು ಫೋನ್ ಮಾಡುವ ದಿನ ಮನೆಯಲ್ಲಿ ಒಬ್ಬರಾದರೂ "ನಂಗೆ ಗೊತ್ತು ಕಣಪ್ಪ, ಹೇಳಿದ್ದಾಳೆ" ಅಂದರೆ ಅವನ ಹಾವಿನ ಹಲ್ಲು ಕಿತ್ತ ಹಾಗೆ.

ಕೆಲವು ಮನೆಗಳು ಹಾಗಿರುವುದಿಲ್ಲ. ಹುಡುಗ ಬೇರೆ ಜಾತಿ ಅಂತ ಗೊತ್ತಾದರೆ ಅವನಿಗಿಂತ ಮೊದಲು ಮನೆಯವರೇ ಹೊಡೆಯುತ್ತಾರೆ ಅನ್ನುವ ಹಾಗಿದ್ದರೆ ಮನೆಗೆ ಹೇಳಬೇಡಿ. ಗೆಳತಿ, ನಂಬಿಕೆಯ ಮೇಡಂ, ವಾರ್ಡನ್, ಯಾರಾದರೂ ಸರಿ. 'ಸಖಿ' ಕೇಂದ್ರವೂ ಇದೆ. ಕೇಂದ್ರ ಸರ್ಕಾರದ ಯೋಜನೆ, 2015ರಿಂದ ನಡೆಯುತ್ತಿದೆ. ಆಪ್ತಸಮಾಲೋಚನೆ, ಚಿಕಿತ್ಸೆ, ಪೊಲೀಸ್ ದೂರಿಗೆ ನೆರವು, ವಕೀಲರ ಸಲಹೆ ಒಂದೇ ಕಡೆ ಸಿಗುತ್ತದೆ. ಮದುವೆಯಾಗಿರಬೇಕು ಅಂತೇನೂ ಇಲ್ಲ. ಬೇಕಾದರೆ ಐದು ದಿನದ ತನಕ ಅಲ್ಲೇ ಇರಬಹುದು. ಹೋಗುವುದು ಹೇಗೆ ಅಂತ 181ರವರು ಹೇಳುತ್ತಾರೆ. ಮನೆಗೆ ತಿಳಿಸುವುದು ಬೇಡ ಅಂದರೆ ಮೊದಲ ಮಾತಿನಲ್ಲೇ ಅದನ್ನು ಹೇಳಿಬಿಡಿ. ವಯಸ್ಸು 18 ತುಂಬಿಲ್ಲದಿದ್ದರೆ ಲೆಕ್ಕವೇ ಬೇರೆ. ಮೈಮುಟ್ಟುವಂಥದ್ದು ನಡೆದಿದ್ದರೆ ಅದು ಪೋಕ್ಸೊಗೆ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆಗೆ ಬರುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಸದ್ಯಕ್ಕೆ ಬಿಡಲ್ಲ ಅನ್ನುವವರಿಗೆ

ಬೈಯುವುದಿಲ್ಲ. ಬೈದರೆ ಮುಂದಿನ ಸಲ ನೀವು ನನ್ನ ಹತ್ತಿರ ಹೇಳುವುದೇ ಇಲ್ಲ, ಅಲ್ವಾ?

ಆದರೆ ಮೂರು ಕೆಲಸ ಮಾಡಬೇಡಿ. ಅವನ ಬೈಕಿಗೋ ಫೋನಿಗೋ ನಿಮ್ಮ ಹೆಸರಲ್ಲಿ ಸಾಲ ತೆಗೆಯಬೇಡಿ. ಸರ, ಓಲೆ ಗಿರವಿಗೆ ಇಟ್ಟು ದುಡ್ಡು ಕೊಡಬೇಡಿ. ಮದುವೆಯಾದರೆ ಸರಿಹೋಗುತ್ತಾನೆ ಅಂತ ಯಾವುದೋ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಳ್ಳಬೇಡಿ. ಮದುವೆಗೆ ಮುಂಚೆ ಲೊಕೇಶನ್ ಕೇಳಿದವನು ಮದುವೆಯಾದ ಮೇಲೆ ಬೀಗದ ಕೈ ಕೇಳುತ್ತಾನೆ, ನಾನು ಕಂಡಿದ್ದೇನೆ.

ಕಾನೂನಿನ ಒಂದು ಮಾತು ಇಲ್ಲೇ ಹೇಳಬೇಕು, ತುಂಬಾ ಜನ ತಪ್ಪು ತಿಳಿದಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬರೀ ಗಂಡ ಹೆಂಡತಿಗಲ್ಲ, ಮದುವೆಯಾಗದೆ ಗಂಡ ಹೆಂಡತಿ ಥರ ಒಂದೇ ಮನೆಯಲ್ಲಿ ಬಾಳಿದವರಿಗೂ ಅನ್ವಯಿಸುತ್ತದೆ. ಬರೀ ಓಡಾಟ, ಭೇಟಿ, ವಾರಕ್ಕೊಂದು ಸಲ ರೂಮು ಅಂದರೆ ಅದರಲ್ಲಿ ಬರುವುದಿಲ್ಲ. ಸುಪ್ರೀಂ ಕೋರ್ಟು 2010ರಲ್ಲೇ ಇದನ್ನು ಹೇಳಿದೆ. ಹಾಗಂತ ನಿಮಗೆ ಕಾನೂನೇ ಇಲ್ಲ ಅಂತಲ್ಲ. ಹೊಡೆತ, ಬೆದರಿಕೆ, ಹಿಂಬಾಲಿಸುವುದು, ಫೋಟೊ ಹಂಚುವುದು, ಇವಕ್ಕೆಲ್ಲ ಭಾರತೀಯ ನ್ಯಾಯ ಸಂಹಿತೆ ಇದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದದ್ದು ಅದೇ.

ಬಿಡುವುದಾದರೆ, ತಯಾರಿ

ಸಿಟ್ಟಿನಲ್ಲಿ ಇವತ್ತೇ ಬಿಟ್ಟೆ ಅಂತ ಬ್ಲಾಕ್ ಮಾಡುವುದು ಸುಲಭ. ಆದರೆ ಬಿಡುವ ಹೊತ್ತೇ ಅಪಾಯದ ಹೊತ್ತು. ಒಂದು ವಾರ ತಡವಾದರೂ ತಯಾರಿ ಮಾಡಿಕೊಂಡು ಬಿಡಿ.

ಒರಿಜಿನಲ್ ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಅವನ ಹತ್ತಿರ ಇದ್ದರೆ ಬೇರೆ ನೆಪ ಹೇಳಿ ವಾಪಸ್ ತೆಗೆದುಕೊಳ್ಳಿ. "ಸ್ಕಾಲರ್‌ಶಿಪ್‌ಗೆ ಬೇಕು" ಅನ್ನುವ ನೆಪ ನಮ್ಮಲ್ಲಿ ಮೂರು ಸಲ ಕೆಲಸ ಮಾಡಿದೆ. ಒಂದು ಜೊತೆ ಬಟ್ಟೆ, ಸ್ವಲ್ಪ ನಗದು, ಚಾರ್ಜರು, ಆಧಾರ್ ಒಂದು ಬ್ಯಾಗಿನಲ್ಲಿ ಗೆಳತಿಯ ಮನೆಯಲ್ಲಿರಲಿ. ಆಧಾರ್ ತೋರಿಸಿದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ರಾತ್ರೋರಾತ್ರಿ ಊರಿಗೆ ಹೊರಡಬೇಕಾದಾಗ "ಚಾರ್ಜಿಗೆ ದುಡ್ಡಿಲ್ಲ" ಅನ್ನುವ ಕಷ್ಟವೊಂದು ತಪ್ಪಿದೆ.

ಫೋನಿನ ವಿಷಯದಲ್ಲಿ ತುಸು ಉಪಾಯ ಬೇಕು. ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ತೆಗೆದು ನೋಡಿ, ನಿಮ್ಮದಲ್ಲದ ಕಂಪ್ಯೂಟರ್ ಇದ್ದರೆ ನಿಮ್ಮ ಮೆಸೇಜೆಲ್ಲ ಅವನಿಗೆ ಕಾಣುತ್ತಿದೆ ಅಂತ ಅರ್ಥ. ಗೂಗಲ್ ಮ್ಯಾಪ್ಸಿನಲ್ಲಿ ಲೊಕೇಶನ್ ಶೇರಿಂಗ್ ನೋಡಿ. ಆದರೆ ಕಂಡ ತಕ್ಷಣ ತೆಗೆಯಬೇಡಿ. ತೆಗೆದರೆ ಅವನಿಗೆ ವಾಸನೆ ಹತ್ತುತ್ತದೆ. ಬಿಡುವ ದಿನ ಒಂದೇ ಸಲ ಎಲ್ಲ ತೆಗೆದು ಪಾಸ್‌ವರ್ಡ್, ಯುಪಿಐ ಪಿನ್ ಬದಲಾಯಿಸಿ. ಅಲ್ಲಿಯ ತನಕ 181ಕ್ಕೂ ವಕೀಲರಿಗೂ ಗೆಳತಿಯ ಫೋನಿನಿಂದ ಮಾತಾಡಿ. ಬೈಗುಳದ ಮೆಸೇಜು, ವಾಯ್ಸ್ ನೋಟು ಅಳಿಸಬೇಡಿ. ನೋಡಿದರೆ ಹೊಟ್ಟೆ ತೊಳೆಸುತ್ತದೆ ನಿಜ, ಆದರೂ ಇರಲಿ. ಸ್ಕ್ರೀನ್‌ಶಾಟ್ ತೆಗೆದು ಗೆಳತಿಯ ಮೇಲ್‌ಗೆ ಕಳಿಸಿ. ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ, ಕೇಸು ಆದರೆ ಮೂಲ ಫೋನ್ ಬೇಕಾಗುತ್ತದೆ.

'ಕೊನೇ ಸಲ ಸಿಗೋಣ' ಅಂದರೆ

ಹೋಗಬೇಡಿ.

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. "ಬಿಡೋದಾದ್ರೆ ಬಿಡು, ಕೊನೇ ಸಲ ಒಂದ್ಸಲ ಮಾತಾಡೋಣ, ದೇವರಾಯನದುರ್ಗಕ್ಕೆ ಹೋಗಿ ಬರೋಣ." ಕೇಳೋಕೆ ಎಷ್ಟು ನ್ಯಾಯವಾಗಿದೆ! ಬೈಕಿನ ಹಿಂದೆ ಕೂತ ಮೇಲೆ ಎಲ್ಲಿ ನಿಲ್ಲಿಸುತ್ತಾನೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಬಿಡುವ ಮಾತು ಮೆಸೇಜಿನಲ್ಲೇ ಹೇಳಿ. ಹಾಗೆ ಹೇಳಿದರೆ ಮರ್ಯಾದೆ ಅಲ್ಲ ಅಂತ ಅನ್ನಿಸಬಹುದು. ಹೆದರಿಸಿದವನಿಗೆ ಆ ಮರ್ಯಾದೆ ಸಾಲವಾಗಿ ಕೊಡಬೇಕಿಲ್ಲ. "ಇದು ಇಲ್ಲಿಗೆ ಮುಗೀತು. ಇನ್ನು ಫೋನ್, ಮೆಸೇಜ್ ಮಾಡಬೇಡ, ನೋಡೋಕೆ ಬರಬೇಡ." ಇಷ್ಟೇ. ಕಾರಣ ಬರೆಯಬೇಡಿ. ಕಾರಣ ಕೊಟ್ಟರೆ ಅವನು ವಾದಕ್ಕೆ ಕೂರುತ್ತಾನೆ. ಈ ಸ್ಪಷ್ಟವಾದ 'ಬೇಡ' ಕಾನೂನಿಗೂ ಬೇಕು. ಇದಾದ ಮೇಲೂ ಬೆನ್ನು ಹತ್ತಿದರೆ ಅದು ನ್ಯಾಯ ಸಂಹಿತೆಯ 78ನೇ ಕಲಮಿನ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷದ ತನಕ ಜೈಲು. ವಾಚು, ಪುಸ್ತಕ, ಹೆಲ್ಮೆಟ್ ವಾಪಸ್ ಕೊಡುವುದಿದ್ದರೆ ಬೇರೆಯವರ ಕೈಲಿ ಕಳಿಸಿ. ಕೊಡಲೇಬೇಕು ಅಂತಲೂ ಇಲ್ಲ.

ಬಿಟ್ಟ ಮೇಲೆ ಬರುವುದು

ಮೊದಲು ಕೈ ಕುಯ್ದುಕೊಂಡ ಫೋಟೊ ಬರುತ್ತದೆ. "ನೀನು ಬರದಿದ್ರೆ ಸಾಯ್ತೀನಿ." ಅದನ್ನು ಸುಳ್ಳು ಅಂತ ತಳ್ಳಿಹಾಕಬೇಡಿ, ಓಡಿಯೂ ಹೋಗಬೇಡಿ. 112ಕ್ಕೆ ಫೋನ್ ಮಾಡಿ ಅವನ ವಿಳಾಸ ಕೊಡಿ, ಅವನ ಮನೆಯವರಿಗೆ ತಿಳಿಸಿ. ಅವನನ್ನು ಉಳಿಸಬಲ್ಲವರು ಅವರು. ನಿಮಗೇ ಸಾಕಪ್ಪ ಈ ಜೀವ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ಮಧ್ಯರಾತ್ರಿಯಲ್ಲೂ ಎತ್ತುತ್ತಾರೆ.

ಆಮೇಲೆ ಫೋಟೊ ಬಿಡುತ್ತೇನೆ ಅನ್ನುವ ಬೆದರಿಕೆ. "ನಾನೇ ಕಳಿಸಿದ್ದು, ನಂದೇ ತಪ್ಪು" ಅಂತ ಹುಡುಗಿಯರು ಕುಗ್ಗಿಹೋಗುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. ಅಂಥ ಫೋಟೊ ತೆಗೆಯೋಕೆ ಒಪ್ಪಿದ್ದರೂ ಬೇರೆಯವರಿಗೆ ಹಂಚೋಕೆ ಒಪ್ಪಿರದಿದ್ದರೆ ಹಂಚಿದ್ದು ಅಪರಾಧವೇ, 77ನೇ ಕಲಂ. ದುಡ್ಡು ಕೊಟ್ಟು ಬಾಯಿ ಮುಚ್ಚಿಸೋಕೆ ಹೋಗಬೇಡಿ, ಒಂದು ಸಲ ಕೊಟ್ಟರೆ ತಿಂಗಳು ತಿಂಗಳು ಕೇಳುತ್ತಾನೆ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬಹುದು, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಸ್ಟಾಪ್‌ಎನ್‌ಸಿಐಐ ಎಂಬ ಜಾಲತಾಣವೂ ಇದೆ. ಅದರಲ್ಲಿ ಫೋಟೊ ನಿಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥವು ಅದನ್ನಿಟ್ಟುಕೊಂಡು ಆ ಫೋಟೊವನ್ನು ತಡೆಯುತ್ತವೆ.

ಠಾಣೆಗೆ ಒಬ್ಬರೇ ಹೋಗಬೇಡಿ. ದೂರನ್ನು ಮನೆಯಲ್ಲೇ ತಾರೀಕು ಸಮೇತ ಬರೆದುಕೊಂಡು ಹೋಗಿ, ನೋಟ್‌ಬುಕ್ಕು ಈಗ ಉಪಯೋಗಕ್ಕೆ ಬರುತ್ತದೆ. ಯಾವ ಠಾಣೆಯ ಸರಹದ್ದು ಅನ್ನುವ ತಕರಾರು ಬಂದರೆ ಝೀರೊ ಎಫ್‌ಐಆರ್ ಮಾಡಿ ಅನ್ನಿ. ಬೆಂಗಳೂರಿನಲ್ಲಿ ಆದದ್ದನ್ನು ತುಮಕೂರಿನಲ್ಲೂ ಕೊಡಬಹುದು. ಕೆಲವು ಕಡೆ ಇಬ್ಬರನ್ನೂ ಕೂರಿಸಿ, ಅವನಿಂದ ಮುಚ್ಚಳಿಕೆ ಬರೆಸಿಕೊಂಡು "ಹೋಗಮ್ಮ, ಇನ್ನು ಬರಲ್ಲ" ಅಂತ ಕಳಿಸುತ್ತಾರೆ. ಅಷ್ಟಕ್ಕೇ ಅವನು ಹೆದರಿ ಸುಮ್ಮನಾದದ್ದೂ ಇದೆ, ವಾರದಲ್ಲೇ ಮತ್ತೆ ಬಂದದ್ದೂ ಇದೆ. ಏನೇ ಆಗಲಿ, ದೂರು ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತ. ದೂರು ತೆಗೆದುಕೊಳ್ಳದಿದ್ದರೆ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಹುಡುಗರೂ ಒಮ್ಮೊಮ್ಮೆ ಕೇಳುತ್ತಾರೆ, ಹಾಲು ಹಾಕುವ ಹುಡುಗನೇ ಕೇಳಿದ್ದ. 78ನೇ ಕಲಂ, 181 ಇವು ಹೆಣ್ಣುಮಕ್ಕಳಿಗೆ. ಆದರೆ ಬೆದರಿಕೆ, ಹಣ ಕೀಳುವುದು, ಹೊಡೆತ ಯಾರು ಮಾಡಿದರೂ ಅಪರಾಧ. 112, 1930, 14416 ಎಲ್ಲರಿಗೂ ಇವೆ.

ಇನ್ನು, ಬಿಟ್ಟ ಎರಡನೇ ವಾರ ತುಂಬಾ ಕಷ್ಟ. ಸಂಜೆಯಾದರೆ ಕೈ ತಾನಾಗೇ ಫೋನಿಗೆ ಹೋಗುತ್ತದೆ. ಅವನ ಸ್ಟೇಟಸ್ ನೋಡಬೇಕು ಅನ್ನಿಸುತ್ತದೆ. ಆ ಹೊತ್ತಿಗೆ ಯಾರದಾದರೂ ಜೊತೆ ಗೊತ್ತು ಮಾಡಿಟ್ಟುಕೊಳ್ಳಿ. ನಮ್ಮ ಹುಡುಗಿಯರು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಎಳೆದುಕೊಂಡು ಹೋಗುತ್ತಾರೆ. ಅಷ್ಟು ಸಾಕಾಗುತ್ತದೆ ಅಂತ ನಾನೇನೂ ಹೇಳುವುದಿಲ್ಲ. ತಡೆಯಲಾರದೆ ವಾಪಸ್ ಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅದು ಅವನ ಕೈಗೆ ಮತ್ತೊಂದು ಗುಟ್ಟು. ಶಿರಾದ ಹುಡುಗಿ ಎರಡು ಸಲ ವಾಪಸ್ ಹೋದಳು, ಎರಡು ಸಲವೂ ನನಗೆ ಬಂದು ಹೇಳಿದಳು. ಮೂರನೇ ಸಲ ಬಿಟ್ಟಾಗ ಅತ್ತೆಯನ್ನು ಕರೆಸಿಕೊಂಡು ಠಾಣೆಗೆ ಹೋದಳು. ಈಗ ಬೇರೆ ಊರಲ್ಲಿ ಕೆಲಸದಲ್ಲಿದ್ದಾಳೆ, ವಾಯಿದೆ ಇದ್ದ ದಿನ ಬಸ್ಸಿನಲ್ಲಿ ಬಂದು ಕೋರ್ಟಿಗೆ ಹೋಗಿ, ನಮ್ಮಲ್ಲಿ ಊಟ ಮಾಡಿಕೊಂಡು ಹೋಗುತ್ತಾಳೆ. ಆ ನೋಟ್‌ಬುಕ್ಕು ನನ್ನ ಬೀರುವಿನಲ್ಲಿದೆ. ಕೇಸು ಮುಗಿಯುವ ತನಕ ಎಸೆಯಬೇಡಿ ಅಂದಿದ್ದಾರೆ ವಕೀಲರು.